ಕನೆಲೋ ಸೋತಿದ್ದು ತೂಕದಿಂದಲೋ, ಎದುರಾಳಿಯಿಂದಲೋ?

ಹೆಚ್ಚಾಗಿ ಎದುರಾಳಿಯಿಂದ. ಮೆಕ್ಸಿಕೊದ ಬಾಕ್ಸರ್ ಕನೆಲೋ ಅಲ್ವಾರೆಜ್ 2013ರಲ್ಲಿ ಮೇವೆದರ್‌ಗೆ, 2022ರಲ್ಲಿ ಬಿವೊಲ್‌ಗೆ, 2025ರಲ್ಲಿ ಕ್ರಾಫರ್ಡ್‌ಗೆ ಸೋತರು. ಆ ಹೊತ್ತಿಗೆ ಮೂವರೂ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಒಮ್ಮೆಯೂ ಸೋತವರಲ್ಲ.

ತೂಕ ಲೆಕ್ಕಕ್ಕೇ ಇಲ್ಲ ಅಂತಲ್ಲ. ಭಾರದವನ ಹೊಡೆತ ಜೋರು, ನಿಮ್ಮ ಹೊಡೆತ ಅವನಿಗೆ ಅಷ್ಟು ನಾಟುವುದಿಲ್ಲ. ನಮ್ಮ ಮಂಗಳೂರು ಕಡೆಯ ಕಂಬಳದಲ್ಲಿ ಕಿರಿಯ ಕೋಣಗಳನ್ನು ಹಿರಿಯ ವಿಭಾಗಕ್ಕೆ ಇಳಿಸಿದ ಹಾಗೆ. ಆದರೆ ಮೇವೆದರ್, ಕ್ರಾಫರ್ಡ್ ಇಬ್ಬರೂ ಕನೆಲೋಗಿಂತ ಸಣ್ಣ ಮೈಯವರು. ಕ್ರಾಫರ್ಡ್ ಅಂತೂ 154 ಪೌಂಡ್ ವಿಭಾಗದಿಂದ 168ಕ್ಕೆ ಏರಿ ಬಂದವರು. ಅಲ್ಲಿ ತೂಕದ ನೆಪ ಸುಮ್ನೆ.

ಬಿವೊಲ್ ಪಂದ್ಯ ಸ್ವಲ್ಪ ಬೇರೆ. ಅದು ನಡೆದದ್ದು 175 ಪೌಂಡ್‌ನಲ್ಲಿ, ಅಂದರೆ ಸುಮಾರು 79 ಕಿಲೋ. ಅದು ಬಿವೊಲ್ ಅವರದೇ ವಿಭಾಗ. ಇಲ್ಲಿ ತೂಕಕ್ಕೂ ಒಂದು ಪಾಲು ಕೊಡುತ್ತೇನೆ. ಆದರೂ 2019ರಲ್ಲಿ ಅದೇ ತೂಕದಲ್ಲಿ ಕನೆಲೋ ಕೊವಲೆವ್ ಅವರನ್ನು ನಾಕೌಟ್ ಮಾಡಿದ್ದರು, ಅಲ್ವಾ?

ಇನ್ನೊಂದು ಸುಳಿವು: ಮೂರೂ ಸೋಲು ಅಂಕಗಳ ಮೇಲೆ, ಒಂದೂ ನಾಕೌಟ್ ಅಲ್ಲ. ಕನೆಲೋ ಬಲ ಇರುವುದು ಎದುರು ನಿಂತವನಿಗೆ ಜೋರಾಗಿ ಬಾರಿಸುವುದರಲ್ಲಿ. ಈ ಮೂವರು ನಿಲ್ಲಲೇ ಇಲ್ಲ. ಮುಂದೆ ಚಾಚಿದ ಕೈಯಿಂದ ಚುರುಕಾಗಿ ಹೊಡೆದು, ಪಕ್ಕಕ್ಕೆ ಸರಿದು, ಸುತ್ತು ಸುತ್ತಿಗೂ ಅಂಕ ಕೂಡಿಸಿಕೊಂಡರು.