ಕ್ಯಾಮೆರಾ ಕೇಳಿ: ಲಕ್ಕುಂಡಿಯ ಕತ್ತಲೆಗೆ ಯಾವುದು, ಮಾಗಡಿ ಹಕ್ಕಿಗೆ ಯಾವುದು?

ಪ್ರಶ್ನೆ: ನಾನು ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋದಾಗ ಮೊಬೈಲ್‌ನಲ್ಲೇ ಫೋಟೊ ತೆಗೆಯುವುದು. ಗುಡಿಯ ಒಳಗಿನ ಕಂಬಗಳು ಮಸುಕಾಗಿ ಬರುತ್ತವೆ. ಅವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತರಗತಿಯ ಗೋಡೆಗೆ ಹಾಕುವ ಆಸೆ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಹಕ್ಕಿಗಳನ್ನೂ ತೆಗೆಯಬೇಕು. ಕ್ಯಾಮೆರಾ ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯಬೇಕು. ಅಂಗಡಿಯವರು 40 ಪಟ್ಟು ಝೂಮ್ ಇರುವ ಒಂದನ್ನು ತೋರಿಸಿ ‘ಇದರಲ್ಲಿ ಎಲ್ಲ ಆಗುತ್ತದೆ’ ಎಂದರು. ತೆಗೆದುಕೊಳ್ಳಲಾ ಮೇಡಂ?
– ಶಿಕ್ಷಕಿ, ಗದಗ ಜಿಲ್ಲೆ

ಉತ್ತರ: ಅಕ್ಕೋರೇ, ಅದು ಬೇಡ. ಬಿಸಿಲಿನಲ್ಲಿ ಆ ಕ್ಯಾಮೆರಾ ಚೆನ್ನಾಗಿಯೇ ತೆಗೆಯುತ್ತದೆ. ಆದರೆ ನಿಮ್ಮ ಕೆಲಸ ಇರುವುದು ಕಾಶಿವಿಶ್ವೇಶ್ವರ ಗುಡಿಯ ಒಳಗೆ. ಅಲ್ಲಿ ಬಾಗಿಲಿನಿಂದ ಬಂದಷ್ಟೇ ಬೆಳಕು, ಅಲ್ವಾ?

ಜೇಬಿನ ಗಾತ್ರದ ಕ್ಯಾಮೆರಾದಲ್ಲಿ ಅಷ್ಟು ಝೂಮ್ ಕೂರಿಸಲು ಸೆನ್ಸರನ್ನು, ಅಂದರೆ ಬೆಳಕು ಹಿಡಿಯುವ ಚಿಪ್ಪನ್ನು, ಚಿಕ್ಕದು ಮಾಡಲೇಬೇಕು. ಇಂಥವುಗಳಲ್ಲಿ ಅದು ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ‘1 ಇಂಚು ಸೆನ್ಸರ್’ ಎಂದು ಬರೆದಿರುವ ಕ್ಯಾಮೆರಾಗಳಲ್ಲಿ ಇಂಚು ಹೆಸರಿಗಷ್ಟೇ, ಅದರ ಅಳತೆ 13.2 × 8.8 ಮಿ.ಮೀ. ಬೆಳಕು ಬೀಳುವ ಜಾಗ 4 ಪಟ್ಟು ಆಯಿತು. ಹಾಗಾಗಿ ಕತ್ತಲಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿದರೂ ಚಿತ್ರದಲ್ಲಿ ಕಾಳುಕಾಳು ಕಡಿಮೆ.

ಆಮೇಲೆ ಲೆನ್ಸ್ ನೋಡಿ. ಅದರ ಮೇಲೆ ಬರೆದಿರುವ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ. 40 ಪಟ್ಟು ಝೂಮ್‌ನ ಕ್ಯಾಮೆರಾ ಸಾಮಾನ್ಯವಾಗಿ ಎಫ್/3.3ರಿಂದ ಶುರುವಾಗುತ್ತದೆ. ನಿಮಗೆ ಬೇಕಾದದ್ದು ಎಫ್/1.8. ಇದರಲ್ಲಿ ಬೆಳಕು ಮೂರು ಪಟ್ಟಿಗಿಂತ ಜಾಸ್ತಿ. ಅಲ್ಲಿ ಸೆಕೆಂಡಿನ 6ನೇ ಒಂದು ಭಾಗ ಕೈ ಅಲುಗದೆ ಹಿಡಿಯಬೇಕಾದರೆ, ಇಲ್ಲಿ 20ನೇ ಒಂದು ಭಾಗ ಹಿಡಿದರೆ ಸಾಕು. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಂತರೆ ಎಂಥವರಿಗೂ ಆಗುತ್ತದೆ.

ಟ್ರೈಪಾಡ್ ಒಯ್ಯುತ್ತೇನೆ ಎನ್ನಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಬೇರೆ ಅನುಮತಿ ಬೇಕು. ಫ್ಲಾಶ್ ಅಂತೂ ಬೇಡವೇ ಬೇಡ. ಆ ಕಂಬಗಳ ಚೆಲುವು ಇರುವುದೇ ಕಡೆದ ಉಂಗುರಗಳ ನೆರಳಿನಲ್ಲಿ. ಎದುರಿನಿಂದ ಫ್ಲಾಶ್ ಹೊಡೆದರೆ ನೆರಳೆಲ್ಲ ಅಳಿಸಿಹೋಗಿ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಫ್ಲಾಶ್ ಇಲ್ಲದೆ ಬ್ರಹ್ಮ ಜಿನಾಲಯದ ನಾಲ್ಕು ಮುಖದ ಬ್ರಹ್ಮನನ್ನು ತೆಗೆದು ನೋಡಿ, ನಿಮಗೇ ತಿಳಿಯುತ್ತದೆ.

ಹೆಸರು ಹೇಳಿ ಎಂದರೆ, ಸೋನಿಯವರು 2012ರಲ್ಲಿ ತಂದ ಆರ್‌ಎಕ್ಸ್100 ಸಾಲು, ಇಲ್ಲವೇ ಕ್ಯಾನನ್‌ನವರು 2014ರಲ್ಲಿ ತಂದ ಜಿ7 ಎಕ್ಸ್ ಸಾಲು. ಸೋನಿಯಲ್ಲಿ 5ನೇ ಮಾದರಿಯವರೆಗಿನದು ತೆಗೆದುಕೊಳ್ಳಿ. 6 ಮತ್ತು 7ರಲ್ಲಿ ಝೂಮ್ ಹೆಚ್ಚಿಸಿದ್ದಾರೆ, ಲೆನ್ಸ್ ಎಫ್/2.8ರಿಂದ ಶುರುವಾಗುತ್ತದೆ, ಅಂದರೆ ಬೆಳಕು ಕಡಿಮೆ. ದುಡ್ಡು ಜಾಸ್ತಿ, ನಿಮ್ಮ ಕೆಲಸಕ್ಕೆ ಕಡಿಮೆ. ಮೆಗಾಪಿಕ್ಸೆಲ್ ಎಣಿಸುತ್ತಾ ಕೂರಬೇಡಿ. ಇವೆಲ್ಲ ಸುಮಾರು 20ರವು. 12 × 18 ಇಂಚಿನ ಒಳ್ಳೆಯ ಪ್ರಿಂಟಿಗೆ ಅಷ್ಟು ಸಾಕು, ತರಗತಿಯ ಗೋಡೆಯಲ್ಲಿ ಹಿಂದಿನ ಬೆಂಚಿನ ಮಗುವಿಗೂ ಕಾಣುತ್ತದೆ. ಇನ್ನೊಂದು ಬ್ಯಾಟರಿ ಕೊಳ್ಳುವುದು ಮರೆಯಬೇಡಿ. ಮಾದರಿ ನೋಡಿಕೊಂಡು ಒಂದರಲ್ಲಿ 200ರಿಂದ 350 ಫೋಟೊ ಆಗುತ್ತದೆ, ಅಷ್ಟೇ.

ಇನ್ನು ಮಾಗಡಿ. ಪಟ್ಟೆತಲೆಯ ಹೆಬ್ಬಾತುಗಳು ಹಗಲು ಹೊತ್ತು ಹೆಚ್ಚಾಗಿ ದೂರದಲ್ಲೇ ಕೂತಿರುತ್ತವೆ. ನಾನು ಹೇಳಿದ ಕ್ಯಾಮೆರಾದಲ್ಲಿ ಒಂಟಿ ಹಕ್ಕಿ ಬರೀ ಚುಕ್ಕೆ. ಹಕ್ಕಿಗೆ ಬೇಕಾದದ್ದು, ಗುಡಿಗೆ ಬೇಕಾದದ್ದು ಎರಡೂ ಬ್ಯಾಗಿನಲ್ಲಿ ಹಿಡಿಯುವ ಒಂದೇ ಕ್ಯಾಮೆರಾದಲ್ಲಿ ಸಿಗುವುದಿಲ್ಲ. ಈ ಸಲ ಗುಡಿಯನ್ನೇ ಆರಿಸಿ. ಕೆರೆಗೆ ಒಂದು 8 × 42 ದುರ್ಬೀನು (8 ಪಟ್ಟು ಹತ್ತಿರ ತೋರಿಸುವುದು, ಮುಂದಿನ ಗಾಜು 42 ಮಿ.ಮೀ.) ಒಯ್ಯಿರಿ. ಮಕ್ಕಳು ಸರದಿಯಲ್ಲಿ ಹಕ್ಕಿಯ ತಲೆಯ ಎರಡು ಕಪ್ಪು ಪಟ್ಟೆ ನೋಡಲಿ. ಅದು ಫೋಟೊಗಿಂತ ದೊಡ್ಡ ಪಾಠ ಎಂದೇ ನನ್ನ ನಂಬಿಕೆ. ಹಿಂಡು ಎದ್ದಾಗ ಇಡೀ ಕೆರೆ ಬರುವಂತೆ ಅಗಲವಾಗಿ ತೆಗೆಯಿರಿ, ಅದು ಈ ಕ್ಯಾಮೆರಾಕ್ಕೂ ಆಗುತ್ತದೆ.

ಪ್ರಶ್ನೆ: ಹಳೆಯ ಡಿಜಿಟಲ್ ಕ್ಯಾಮೆರಾಗಳ ಬಣ್ಣ ಚೆಂದ ಅಂತ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಏನು ನೋಡಬೇಕು?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಐದಾರು ಸಲ ಆನ್ ಆಫ್ ಮಾಡು, ಲೆನ್ಸ್ ತಡವರಿಸದೆ ಹೊರಗೆ ಬಂದು ಒಳಗೆ ಹೋಗಬೇಕು. ಕರಕರ ಸದ್ದು ಬಂದರೆ ಬಿಟ್ಟುಬಿಡು. ಮೊಬೈಲ್ ಟಾರ್ಚ್ ಹಿಡಿದು ಲೆನ್ಸ್ ಒಳಗೆ ಜೇಡರ ಬಲೆಯಂಥ ಬೂಸು ಇದೆಯಾ ನೋಡು. ಬರೀ ಆಕಾಶದ ಒಂದು ಫೋಟೊ ತೆಗೆ, ಕಲೆ ಇದ್ದರೆ ಅಲ್ಲಿ ಕಾಣುತ್ತದೆ. ಕಾರ್ಡ್ ಯಾವುದು ಅಂತಲೂ ಕೇಳು. ಹಳೆಯ ಒಲಿಂಪಸ್, ಫ್ಯೂಜಿಗಳಲ್ಲಿ ಎಕ್ಸ್‌ಡಿ ಕಾರ್ಡ್ ಇರುತ್ತದೆ, ಅದರ ತಯಾರಿಕೆ ನಿಂತು ವರ್ಷಗಳಾದವು. ಎಸ್‌ಡಿ ಕಾರ್ಡ್ ಹಿಡಿಯುವುದನ್ನೇ ತೆಗೆದುಕೊ ತಮ್ಮಾ.

ಪ್ರಶ್ನೆ: ಹೊಸ ಕಾಂಪ್ಯಾಕ್ಟ್ ಕೊಂಡಿದ್ದೇನೆ. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ತೆಗೆದರೆ ಕೆಂಪು ಬಣ್ಣ ಬಳಿದ ಹಾಗೆ ಬರುತ್ತದೆ, ಕಾಯಿಯೇ ಕಾಣುವುದಿಲ್ಲ. ಕ್ಯಾಮೆರಾ ಕೆಟ್ಟಿದೆಯೇ?
– ರೈತ, ಬ್ಯಾಡಗಿ

ಉತ್ತರ: ಕೆಟ್ಟಿಲ್ಲ ಅಣ್ಣಾ. ಕ್ಯಾಮೆರಾ ಒಟ್ಟು ಬೆಳಕು ಅಳೆದು ಸಾಕು ಎಂದುಕೊಳ್ಳುತ್ತದೆ, ಅಷ್ಟರಲ್ಲಿ ಕೆಂಪು ಒಂದೇ ಮಿತಿ ಮೀರಿರುತ್ತದೆ. ಮೀರಿದ ಕಡೆ ನೆರಿಗೆ, ನೆರಳು ಎಲ್ಲ ಮಾಯ. ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು, ಅದು ಹೋದರೆ ಇನ್ನೇನು ಉಳಿಯಿತು? ಕೂಡಿಸು-ಕಳೆ ಗುರುತಿನ ಬಟನ್ ಇರುತ್ತದೆ ನೋಡಿ. ಅದನ್ನು ಮೈನಸ್ 0.7ಕ್ಕೆ ಇಳಿಸಿ, ಸಾಲದಿದ್ದರೆ ಮೈನಸ್ 1. ಅಂಗಳ ತುಂಬ ಕೆಂಪು ಇದ್ದಾಗ ಆಟೊ ವೈಟ್ ಬ್ಯಾಲೆನ್ಸ್ (ಬಣ್ಣವನ್ನು ತಾನೇ ಸರಿದೂಗಿಸುವ ವ್ಯವಸ್ಥೆ) ಅದನ್ನೇ ತಪ್ಪು ಎಂದು ತಿಳಿದು ಬಣ್ಣ ತಣ್ಣಗಾಗಿಸುತ್ತದೆ. ಆಟೊ ಬಿಟ್ಟು ಸೂರ್ಯನ ಚಿತ್ರ ಇರುವುದನ್ನು ಒತ್ತಿ. ನೆತ್ತಿಯ ಬಿಸಿಲು ಬೇಡ, ಸಂಜೆ ಓರೆ ಬಿಸಿಲಿಗೆ ತೆಗೆದರೆ ಒಂದೊಂದು ಸುಕ್ಕೂ ಎದ್ದು ಕಾಣುತ್ತದೆ. ಚೀಲಕ್ಕೆ ತುಂಬುವ ಮುಂಚೆ ಒಂದು ಹಿಡಿ ಕಾಯಿಯನ್ನು ಹತ್ತಿರದಿಂದಲೂ ತೆಗೆಯಿರಿ, ಹೂವಿನ ಚಿತ್ರದ ಮ್ಯಾಕ್ರೊ ಗುರುತು ಒತ್ತಿ.