ಮುಗಿಯದ ಧಾರಾವಾಹಿಗೆ ವಿಮರ್ಶೆ ಬರೆಯುವುದು ಹೇಗೆ?

ನೂರಾರು ಕಂತು ದಾಟಿಯೂ ಮುಗಿಯದ ಧಾರಾವಾಹಿಗೆ ವಿಮರ್ಶೆ ಬರೆಯೋದಾದರೂ ಹೇಗೆ ಅಂತ ಕೇಳಿದ್ದೀರಿ. ಇಡೀ ಧಾರಾವಾಹಿಯ ಗೊಡವೆಗೆ ಹೋಗಬೇಡಿ, ಒಂದು ವಾರ ಹಿಡಿಯಿರಿ. ಸೋಮವಾರದಿಂದ ಶುಕ್ರವಾರದವರೆಗಿನ ಐದು ಕಂತು ಧಾರಾಳ ಸಾಕು.

ಪ್ರತಿ ಕಂತನ್ನೂ ಎರಡು ಸಲ ನೋಡಿ. ಮೊದಲ ಸಲ ಟಿವಿಯಲ್ಲೇ, ಜಾಹೀರಾತು ಸಮೇತ. ಅರ್ಧ ಗಂಟೆಯ ಸ್ಲಾಟಿನಲ್ಲಿ ಕಥೆಗೆ ಉಳಿಯುವುದು 20 ನಿಮಿಷದ ಆಸುಪಾಸು. ಬ್ರೇಕಿಗೆ ಮುಂಚೆ ಅತ್ತೆ ಬಾಗಿಲಲ್ಲಿ ನಿಂತಿರುತ್ತಾಳೆ, ಬ್ರೇಕ್ ಮುಗಿದ ಮೇಲೂ ಅದೇ ಶಾಟ್. ಜಾಹೀರಾತಿಲ್ಲದೆ ಆ್ಯಪ್‌ನಲ್ಲಿ ನೋಡಿದವರು ಇದನ್ನೇ ‘ಎಳೆದಾಟ’ ಅಂತ ಬೈಯುತ್ತಾರೆ. ಅದು ಎದ್ದು ಹೋಗಿ ವಾಪಸ್ ಬಂದವರಿಗಾಗಿ ಇಟ್ಟದ್ದು.

ಎರಡನೇ ಸಲ ಆ್ಯಪ್‌ನಲ್ಲಿ, ಕೈಯಲ್ಲಿ ಪೆನ್ನು ಹಿಡಿದು. ಹಿಂದಿನ ಕಂತಿನ ತುಣುಕು ಎಷ್ಟು ಸೆಕೆಂಡು, ದೃಶ್ಯಗಳು ಎಷ್ಟು, ‘ಧಡ್ ಧಡ್’ ಸದ್ದಿನ ಜೊತೆ ಒಂದೊಂದೇ ಮುಖಕ್ಕೆ ಝೂಮ್ ಆಗಿದ್ದು ಎಷ್ಟು ಹೊತ್ತು, ಎಲ್ಲ ಬರೆದಿಡಿ. ಕೊನೆಗೆ ಒಂದು ಸಾಲು: ಈ ಕಂತಿನಲ್ಲಿ ಯಾರಿಗೆ ಯಾವ ಹೊಸ ವಿಷಯ ಗೊತ್ತಾಯಿತು? ಐದು ದಿನವೂ ಆ ಸಾಲು ಖಾಲಿ ಉಳಿದರೆ ಆಗ ‘ಎಳೆದಾಟ’ ಅನ್ನಿ, ಲೆಕ್ಕ ಸಮೇತ. ದಯವಿಟ್ಟು ಒಂದೂವರೆ ಪಟ್ಟು ವೇಗದಲ್ಲಿ ನೋಡಬೇಡಿ, ನಟರ ಮೌನ ಮೊದಲು ಸಾಯುತ್ತದೆ.

ಇನ್ನೊಂದು ಪರೀಕ್ಷೆ: ಟಿವಿಗೆ ಬೆನ್ನು ಹಾಕಿ ಐದು ನಿಮಿಷ ಬರೀ ಕೇಳಿ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರಿಗೂ ಕಥೆ ತಿಳಿಯಬೇಕು, ಅದಕ್ಕೇ ‘ಅಯ್ಯೋ, ಇವಳು ಇಲ್ಲಿಗೇ ಬರ್ತಿದ್ದಾಳಲ್ಲ!’ ಎಂಬಂಥ ಮಾತುಗಳು. ಕಿವಿಗೆ ಹಿಡಿಯುವ ಸಂಭಾಷಣೆ ಬರೆಯುವುದು ಬೇರೆಯೇ ಕಸುಬು. ಶೀರ್ಷಿಕೆಪಟ್ಟಿಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆಗೆ ಹೆಚ್ಚಾಗಿ ಬೇರೆ ಬೇರೆ ಹೆಸರಿರುತ್ತವೆ. ಒಬ್ಬರ ಹೊಗಳಿಕೆ ಇನ್ನೊಬ್ಬರಿಗೆ ಹೋಗದಂತೆ ನೋಡಿಕೊಳ್ಳಿ.

ಎಷ್ಟು ಜನ ನೋಡಿದರು ಅಂತ ಹೇಳುವ ಟಿಆರ್‌ಪಿ ಅಂಕಿ ವಾರಕ್ಕೊಮ್ಮೆ ಬರುತ್ತದೆ. ಅದನ್ನು ಗುಣಮಟ್ಟದ ಅಂಕಪಟ್ಟಿ ಮಾಡಬೇಡಿ. ಅಂಕಿ ಕುಸಿದ ಮೇಲೆ ದಿಢೀರ್ ಅಪಹರಣ ಶುರುವಾದರೆ ಸಂಬಂಧ ಕಲ್ಪಿಸಬಹುದು, ಆದರೆ ಊಹೆಯನ್ನು ಊಹೆ ಅಂತಲೇ ಬರೆಯಿರಿ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಕೆಲಸ ರೀಮೇಕುಗಳದ್ದು. ಮರಾಠಿಯ ‘ತುಲಾ ಪಾಹತೆ ರೇ’ 2018ರಲ್ಲಿ ಶುರುವಾಗಿ 2019ರಲ್ಲಿ ಮುಗಿಯಿತು. ಅದರ ಕನ್ನಡ ರೂಪ ‘ಜೊತೆ ಜೊತೆಯಲಿ’ 2019ರಿಂದ 2023ರವರೆಗೆ ಓಡಿತು. ಮೂಲದ ಕಥೆ ಒಂದು ವರ್ಷದೊಳಗೆ ಮುಗಿದಿದೆ, ಇಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು. ಆ ಹೆಚ್ಚುವರಿ ಜಾಗಕ್ಕೆ ಏನು ತುಂಬಿದರು, ಯಾವ ಪಾತ್ರ ಹಿಗ್ಗಿತು ಅಂತ ಎರಡನ್ನೂ ಎದುರುಬದುರು ಇಟ್ಟು ಹುಡುಕಿ, ನಿಮ್ಮ ವಿಮರ್ಶೆ ಅಲ್ಲೇ ಸಿಗುತ್ತದೆ. ಕಥಾಸಾರಕ್ಕೆ ಮಾತ್ರ ಮೂರು ಸಾಲು ಮೀರಬೇಡಿ, ಓದುವವರು ಅದನ್ನು ನಿನ್ನೆಯೇ ನೋಡಿರುತ್ತಾರೆ.