ಹೌಸಾ ಮಾತಾಡಿದ್ರೆ ಹೌಸಾದವ್ರೇ ಆಗ್ಬಿಡ್ತಾರಾ?

ಪ್ರಶ್ನೆ: ನನ್ನ ಮಗಳ ಕಾಲೇಜಲ್ಲಿ ನೈಜೀರಿಯಾದ ಕಡುನಾ ರಾಜ್ಯದ ಹುಡುಗ ಒಬ್ಬ ಇದಾನೆ. ಫೋನಲ್ಲಿ ಹೌಸಾ ಮಾತಾಡ್ತಾನೆ, ಕೇಳಿದ್ರೆ ‘ನಾನು ಹೌಸಾ ಅಲ್ಲ, ನಿಂಜೊ’ ಅಂತಾನಂತೆ. ಅದು ಹೌಸಾದ್ದೇ ಒಳಪಂಗಡನಾ? ಅವ್ರಿಗೊಬ್ಬ ರಾಜನೂ ಇದಾನಂತಲ್ಲ, ಎಲೆಕ್ಷನ್ ನಡೆಯೋ ದೇಶದಲ್ಲಿ ಅವ್ನಿಗೇನ್ ಕೆಲ್ಸ?
- ಓದುಗರೊಬ್ಬರು, ಹಾಸನ

ಉತ್ತರ: ಒಳಪಂಗಡ ಅಂತ ಮಾತ್ರ ಆ ಹುಡುಗನ ಎದುರು ಅನ್ಬೇಡಿ ಮಾರಾಯ್ರೆ! ನಿಂಜೊಗಳು ಜಾಸ್ತಿ ಇರೋದು ದಕ್ಷಿಣ ಕಡುನಾದ ಸಾಂಗಾ ಕಡೆ. ಹೌಸಾ ಅಲ್ಲಿ ಸಂತೆ ಭಾಷೆ, ಬಸ್ ಸ್ಟ್ಯಾಂಡ್ ಭಾಷೆ, ಎಲ್ರಿಗೂ ಬರುತ್ತೆ. ಆದ್ರೆ ಹೌಸಾ ಅರಬ್ಬಿಯ ದೊಡ್ಡ ಕುಟುಂಬಕ್ಕೆ ಸೇರಿದ್ದು, ನಿಂಜೊ ಬೆನ್ವೆ-ಕಾಂಗೊ ಅನ್ನೋ ಭಾಷಾ ಗುಂಪಿನ ಪ್ಲಾಟೊ (Plateau) ಶಾಖೆದು, ಸ್ವಾಹಿಲಿನೂ ಅದೇ ಬೆನ್ವೆ-ಕಾಂಗೊ ಗುಂಪಿಂದು. ಅಂದ್ರೆ ಪಕ್ಕದ್ಮನೆ ಹೌಸಾಗಿಂತ ಖಂಡದ ಆ ತುದಿಯ ಸ್ವಾಹಿಲಿನೇ ಅದಕ್ಕೆ ಹತ್ರದ ನೆಂಟ. ಬೆಳಗಾವಿಲಿ ಮರಾಠಿ ಜೊತೆ ಎಷ್ಟೇ ಒಡನಾಡಿದ್ರೂ ಕನ್ನಡದ ರಕ್ತಸಂಬಂಧ ಬಲೂಚಿಸ್ತಾನದ ಬ್ರಾಹುಯಿ ಭಾಷೆ ಜೊತೆಗೇ ಇರೋದಲ್ವಾ, ಹಂಗೇ. ಹೌಸಾದವ್ರು ಇವ್ರನ್ನ ‘ನಿಂಜಾಮ್’ ಅಂತಾರೆ, ಇವ್ರು ತಮ್ಮನ್ನ ನಿಂಜೊ ಅಂತಾರೆ. ಭಾಷಾಶಾಸ್ತ್ರದೋರು ಮಾಡಾ ಥರದ ಅಕ್ಕಪಕ್ಕದ ಭಾಷೆಗಳನ್ನೂ ಸೇರ್ಸಿ ಆ ಇಡೀ ಗುಂಪಿಗೆ ‘ನಿಂಜಿಕ್’ ಅಂತ ಇವ್ರ ಹೆಸ್ರನ್ನೇ ಇಟ್ಟಿದಾರೆ.

ಮನೆಭಾಷೆ ಸ್ಕೂಲಿಗೆ ಬರೋದೇ ಕಷ್ಟ ನೋಡಿ. 2022ರಲ್ಲಿ ನೈಜೀರಿಯಾ ಸರ್ಕಾರ ಪ್ರೈಮರೀಲಿ ತಾಯ್ನುಡಿಲೇ ಪಾಠ ಅಂತ ಘೋಷಿಸ್ತು, 2025ರಲ್ಲಿ ಬೇಡ ಇಂಗ್ಲಿಷೇ ಇರ್ಲಿ ಅಂತ ವಾಪಸ್ ತಗೊಳ್ತು. 500ಕ್ಕೂ ಮೇಲ್ಪಟ್ಟು ಭಾಷೆ ಇರೋ ದೇಶದಲ್ಲಿ ಅಷ್ಟಕ್ಕೆಲ್ಲ ಪುಸ್ತಕ, ಮೇಷ್ಟ್ರು ಎಲ್ಲಿಂದ ತರ್ತೀರಾ, ಆದ್ರೂ ಮೂರೇ ವರ್ಷಕ್ಕೆ ಕೈಬಿಟ್ಟಿದ್ದು ನಂಗಂತೂ ಅವಸರ ಅನ್ಸುತ್ತೆ.

ಇನ್ನು ರಾಜ. ಅವ್ರ ದೊರೆಗೆ ‘ಉಚು ನಿಂಜೊ’ ಅಂತಾರೆ. ಬ್ರಿಟಿಷರು ತಮ್ಮ ಆಡಳಿತ ಸಲೀಸಾಗ್ಲಿ ಅಂತ ಆ ಸೀಮೆಯ ಎಷ್ಟೋ ಸಣ್ಣ ಜನಾಂಗಗಳನ್ನ ಜಾರಿಯಾ, ಜೆಮಾ ಊರುಗಳ ಎಮಿರ್‌ಗಳ, ಅಂದ್ರೆ ಮುಸ್ಲಿಂ ದೊರೆಗಳ ಕೈಕೆಳಗೆ ಇಟ್ಟಿದ್ರು, ನಮ್ಮ ಊರಿಗೆ ನಮ್ಮವ್ನೇ ಯಜಮಾನ ಆಗ್ಬೇಕು ಅನ್ನೋ ಹಟ ಅಲ್ಲಿಂದ್ಲೇ ಬೆಳೀತು. 1992ರಲ್ಲಿ ಜಾಂಗೊನ್ ಕಟಾಫಲ್ಲಿ, 2000ದಲ್ಲಿ ಶರಿಯಾ ವಿಷ್ಯಕ್ಕೆ ಕಡುನಾದಲ್ಲಿ ರಕ್ತ ಹರಿದ್ಮೇಲೆ ಸರ್ಕಾರ ಒಂದೊಂದೇ ಜನಾಂಗಕ್ಕೆ ಬೇರೆ ಚೀಫ್‌ಡಮ್, ಅಂದ್ರೆ ಅವ್ರದ್ದೇ ದೊರೆ ಇರೋ ಸೀಮೆ, ಕೊಡ್ತಾ ಬಂತು. ಈಗ ನಿಂಜೊಗಳಿಗೂ ಒಂದಿದೆ.

1999ರ ಸಂವಿಧಾನದಲ್ಲಿ ಈ ದೊರೆಗಳಿಗೆ ಅಧಿಕಾರ ಅಂತ ಏನೂ ಬರ್ದಿಲ್ಲ. ದೊರೆಗೆ ದರ್ಜೆ ಕೊಡೋದು, ನೇಮಕಕ್ಕೆ ಒಪ್ಪಿಗೆ ಹಾಕಿ ರಾಜದಂಡ ಕೊಡೋದು ಎಲ್ಲಾ ರಾಜ್ಯ ಸರ್ಕಾರ, ಅಂದ್ರೆ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದಂಗೆ) ಮುನಿಸ್ಕೊಂಡ್ರೆ ದೊರೆ ಮನೆಗೆ. ಆದ್ರೆ ಜಮೀನಿನ ತಕರಾರು, ದನ ಬೆಳೆಗೆ ನುಗ್ಗಿ ರೈತರಿಗೂ ದನಗಾಹಿಗಳಿಗೂ ಹೊಡೆದಾಟ ಆಯ್ತು ಅಂದ್ರೆ ಜನ ಮೊದ್ಲು ಓಡೋದು ಅರಮನೆಗೇ, ಪೊಲೀಸ್ರು ಬರೋದು ಆಮೇಲೆ.